ಮಾಲಾಳ ಹೆಸರಿನ ಚೀಟಿ

ಮೇಚೇರಿ ಸಂತೆಗೆ ಕುರಿ ಹೊಡೆದುಕೊಂಡು ಬರುವವರಲ್ಲಿ ಮುತ್ತಮ್ಮನ ಕೈ ಗೊತ್ತಿಲ್ಲದವರಿಲ್ಲ. ಗಬ್ಬದ ಕುರಿಯ ಹೊಟ್ಟೆಗೆ ಅಂಗೈ ಇಟ್ಟಳೆಂದರೆ ಮರಿ ಒಂದೋ ಎರಡೋ, ಈ ವಾರವೋ ಮುಂದಿನ ವಾರವೋ, ಹೇಳಿಬಿಡುವಳು. ಆ ಕೈಗೆ ಒಂದೇ ಆಸೆ ಉಳಿದಿತ್ತು, ಮೊಮ್ಮಗುವನ್ನು ಎತ್ತಿಕೊಳ್ಳುವುದು.

ಮಗ ರಘುನಾಥ ಮೆಟ್ಟೂರಿಗೆ ಕೆಲಸಕ್ಕೆ ಹೋಗಿಬರುವವನು. ಸೊಸೆ ರೋಜಾ ಪ್ಲಸ್ ಟೂ ಓದಿದವಳು. ಮದುವೆಯಾಗಿ ಐದು ವರ್ಷ. ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಹೊಂದಿಕೆ.

ಪಕ್ಕದ ಬೀದಿಯ ಮಾಲಾಳಿಗೆ ಸೇಲಂ ಡಾಕ್ಟರು ಕೊಟ್ಟ ಮಾತ್ರೆಯಿಂದ ಬಸಿರು ನಿಂತಿತ್ತು ನೋಡಿ. ಅಲ್ಲಿಂದ ಅವಳ ಔಷಧಿ ಚೀಟಿ ಮನೆಮನೆ ತಿರುಗತೊಡಗಿತು, ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿ ಒಯ್ದ ಹಾಗೆ. ಮಡಿಕೆಗಳಲ್ಲೆಲ್ಲ ಹರಿದು, ಹಿಂದೆ ಟೇಪು ಅಂಟಿಸಿತ್ತು. ಮುತ್ತಮ್ಮನೂ ಇಸಿದುಕೊಂಡು ಬಂದಳು. ಮೆಡಿಕಲ್ ಶಾಪಿನವನು ಹೆಸರೂ ನೋಡಲಿಲ್ಲ, ತಾರೀಖೂ ನೋಡಲಿಲ್ಲ.

"ಡಾಕ್ಟರ್ ಅತ್ರ ಓಗ್ಬೇಕಲ್ವಾ ಅತ್ತೆ?" ಅಂದಳು ರೋಜಾ.

"ಮಾಲಾ ಓಗಿ ಬಂದವ್ಳಲ್ಲ. ಅವ್ಳಿಗಾದ್ದು ನಿನಗಾಗ್ದಾ?"

ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳು, ಚೀಟಿಯಲ್ಲಿ ಬರೆದದ್ದು ತನಗೆ ಸಾಲದೇನೋ ಎಂದು ರೋಜಾ ತೋಚಿದಷ್ಟು ಹೆಚ್ಚಿಗೆ ನುಂಗಿದಳು. ಓದಿದವಳೇ, ಆದರೆ ಆಸೆ ಓದಿಲ್ಲವಲ್ಲ.

ಆ ತಿಂಗಳ ಮೂರನೆಯ ವಾರಕ್ಕೆ ಹೊಟ್ಟೆ ಉಬ್ಬಿತು. "ನಿಂತೈತೇನೋ, ನೋಡಿ ಅತ್ತೆ" ಎಂದು ನಗುತ್ತಾ ಬಂದಳು. ಮುತ್ತಮ್ಮ ಅಂಗೈ ಇಟ್ಟಳು. ಚರ್ಮ ತಮಟೆಯಂತೆ ಬಿಗಿದಿತ್ತು. ಮಲಗಿದರೆ ಉಸಿರು ಸಾಲದೆ ಹುಡುಗಿ ಎದ್ದು ಕೂರುತ್ತಿದ್ದಳು. ಚೊಂಬುಗಟ್ಟಲೆ ನೀರು ಕುಡಿದರೂ ಬೆಳಗಿನಿಂದ ಒಂದೇ ಸಲ ಒಂದಕ್ಕೆ ಹೋಗಿದ್ದಳು.

"ಇದು ಬಸ್ರಲ್ಲ ಕಣವ್ವಾ. ಏಳು, ಆಸ್ಪತ್ರೆಗೆ ಓಗಾಣ."

ಆಟೋದಲ್ಲಿ ರೋಜಾ ಅತ್ತೆಯ ಸೆರಗು ಹಿಡಿದುಕೊಂಡಳು. "ಮಾತ್ರೆ ಇಚಾರ ಬ್ಯಾಡ ಅತ್ತೆ. ನಿಮ್ ಮಗಂಗೂ ಗೊತ್ತಿಲ್ಲ. ಎಲ್ರೂ ನಿಮ್ಮನ್ನೇ ಬೈತಾರೆ."

ಮೆಟ್ಟೂರಿನ ಆಸ್ಪತ್ರೆಗೆ ರಘುನಾಥ ಕೆಲಸದ ಬಟ್ಟೆಯಲ್ಲೇ ಓಡಿಬಂದ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಏನಾದರೂ ಮಾತ್ರೆ ತಗೊಂಡೆಯಾ ಎಂದು ತಮಿಳಿನಲ್ಲಿ ಕೇಳಿದಳು. ರೋಜಾ ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರಮ್ಮ ಇನ್ನೊಮ್ಮೆ ಕೇಳಿದಳು. ಮತ್ತೆ ಇಲ್ಲ.

ಮಗ ಪಕ್ಕದಲ್ಲೇ ನಿಂತಿದ್ದಾನೆ. ಮುತ್ತಮ್ಮ ಸೊಸೆಯ ಮುಖ ನೋಡಿದಳು, ಏದುಸಿರು ನೋಡಿದಳು. ಎಲೆಯಡಿಕೆ ಚೀಲಕ್ಕೆ ಕೈಹಾಕಿ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

"ಯಾರಮ್ಮಾ ಇದು ಮಾಲಾ?"

"ನಮ್ಮೂರವ್ಳು ತಾಯಿ. ಚೀಟಿ ತಂದವ್ಳು ನಾನು. ನುಂಗ್ಸಿದವ್ಳೂ ನಾನೇ."

"ಜಾಸ್ತಿ ನುಂಗಿದ್ದು ನಾನು" ಎಂದು ರೋಜಾ ಅತ್ತುಬಿಟ್ಟಳು.

ಅಂಡಾಶಯ ಬಾತು ಹೊಟ್ಟೆಯಲ್ಲಿ ನೀರು ತುಂಬಿದೆ, ಈ ಮಾತ್ರೆ ಸ್ಕ್ಯಾನ್ ನೋಡಿಕೊಂಡು ಕೊಡುವಂಥದ್ದು, ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದಳು ಡಾಕ್ಟರಮ್ಮ. ರಘುನಾಥ ಬೈಯಲಿಲ್ಲ. ಅವ್ವನಿಗೆ ಟೀ ತಂದುಕೊಟ್ಟ.

ಆರು ದಿನ ಇರಿಸಿಕೊಂಡರು. ಆರು ದಿನವೂ ಮುತ್ತಮ್ಮ ಮಂಚದ ಪಕ್ಕ ಕೂತು ಗಂಜಿ ಕುಡಿಸಿದಳು. ಏಳನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರಮ್ಮ ಕೇಳಿದಳು, "ಗಂಡನಿಗೆ ಪರೀಕ್ಷೆ ಆಗಿದೆಯಾ?"

ರಘುನಾಥ ತಲೆಯೆತ್ತಿ ಫ್ಯಾನು ನೋಡತೊಡಗಿದ. ಮುತ್ತಮ್ಮ ಹಣೆ ಚಚ್ಚಿಕೊಂಡಳು.

"ಮಂದೆ ಗಬ್ಬ ಕಟ್ಲಿಲ್ಲ ಅಂದ್ರೆ ಮೊದ್ಲು ಟಗರು ನೋಡ್ತೀವಿ ಕಣ್ಲಾ! ಮನೇಲಿ ಅದ್ಯಾಕೆ ಮರ್ತೆನೋ ಕಾಣೆ."

"ಮೆಲ್ಲಗೆ ಅವ್ವಾ, ಆಚೆ ಕ್ಯೂ ಐತೆ!"

ರೋಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ವಾರದಲ್ಲಿ ಮೊದಲ ಸಲ.

ಮಗು ಇನ್ನೂ ಆಗಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಡಾಕ್ಟರ ಹತ್ತಿರ ಹೋಗಿಬರುತ್ತಿದ್ದಾರೆ. ಮೊನ್ನೆ ಎದುರುಮನೆಯ ಲಕ್ಷ್ಮಕ್ಕ ತನ್ನ ಮಗಳಿಗೆಂದು ಬಂದು ಚೀಟಿ ಕೇಳಿದಳು.

"ಆ ಚೀಟಿ ಆಸ್ಪತ್ರೆಲೇ ಉಳೀತು. ಸೋಮವಾರ ಬಾ, ಬಸ್ಸಲ್ಲಿ ನಾನೇ ಕರ್ಕೊಂಡೋಯ್ತೀನಿ" ಅಂದಳು ಮುತ್ತಮ್ಮ. ಲಕ್ಷ್ಮಕ್ಕ ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದಳು, "ಅಳಿಯನ್ನೂ ಎಬ್ಬುಸ್ಕೊಂಡು ಬಾ!"