ಉಪ್ಪು ಹಾಕಿದ ಸಿಪ್ಪೆ

ಜೋಯಿಡಾದಲ್ಲಿ ಕೋಕಂ ಎನ್ನುವ ಮುರುಗಲು ಹಣ್ಣಿನ ಶರಬತ್ತು ಮಾಡುವ ಹೆಂಗಸರ ಸಂಘ ನಡೆಸುವ ಅಕ್ಕನಿಗೆ ನಾನು ಹೇಳಿದ್ದೇನು ಎಂಬುದನ್ನು ಮೂರು ರೀತಿ ನೆನಪಿಸಿಕೊಳ್ಳಬಲ್ಲೆ. ಮೂರರಲ್ಲೂ ನನ್ನ ತಪ್ಪು ಕಡಿಮೆ. ಅದಕ್ಕೇ ಮೂರನ್ನೂ ನಂಬುವುದಿಲ್ಲ.

ಹಳಿಯಾಳದಲ್ಲಿ ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಮಿಶ್ರಣ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಟ್ರೇಗಳು ಬಿಸಿಲಿಗೆ ಬೇಗ ಬಿರುಕು ಬಿಡುತ್ತಿದ್ದವು. ರಸ ಹಿಂಡಿ ಬಿಸಾಡುವ ಮುರುಗಲು ಸಿಪ್ಪೆಯಲ್ಲಿ ಪ್ಲಾಸ್ಟಿಕ್ಕು ಸವೆಯದಂತೆ ತಡೆಯುವ ಸತ್ವವಿದೆ. ಅಕ್ಕನಿಂದ ಒಂದು ಬುಟ್ಟಿ ಹಸಿ ಸಿಪ್ಪೆ ತಂದು, ನಾನೇ ಒಣಗಿಸಿ ಪುಡಿ ಮಾಡಿ, ಪ್ಲಾಸ್ಟಿಕ್ಕಿಗೆ ಬೆರೆಸಿ ಮಾದರಿ ತುಂಡುಗಳನ್ನು ಮಾಡಿದೆ. ಆ ತುಂಡುಗಳು ಮಾಳಿಗೆಯ ಮೇಲೆ ಇಡೀ ಬೇಸಿಗೆ ಗಟ್ಟಿಯಾಗಿ ಉಳಿದವು. ಒಣ ಸಿಪ್ಪೆಯ ಮೊದಲ ಗಾಡಿ ಸರಿಯಾಗಿ ಬಂದರೆ ಸಂಘದ ಹೆಂಗಸರಿಗೆ ಕಾಯಂ ಕೆಲಸ ಎಂದರು ಮಾಲೀಕರು.

ಗಾಡಿ ಬಂತು. ಚೊಕ್ಕ ಸಿಪ್ಪೆ, ಎಲ್ಲೂ ಬೂಷ್ಟಿಲ್ಲ. ಯಂತ್ರಕ್ಕೆ ಹಾಕಿದರೆ ಟ್ರೇಗಳ ಮೈತುಂಬ ಗುಳ್ಳೆ. ವಾರದೊಳಗೆ ಅಚ್ಚಿನ ಉಕ್ಕಿಗೆ ತುಕ್ಕು. ಆಪರೇಟರ್ ಒಂದು ಸಿಪ್ಪೆ ಬಾಯಿಗಿಟ್ಟು ನಕ್ಕ: "ಸಾರಿಗೆ ಭಾಳ ಚಲೋ ಐತ್ರಿ ಸರ. ಉಪ್ಪು ಹದಾ ಐತಿ."

ಉಪ್ಪು ಎಳೆದುಕೊಂಡ ತೇವದಿಂದಲೇ ಗುಳ್ಳೆ, ಉಪ್ಪಿನಿಂದಲೇ ತುಕ್ಕು. ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಉಪ್ಪು ಯಾಕ ಹಾಕಿದ್ರಿ?"

"ಉಪ್ಪಿಲ್ದ ಯಾರರ ಸಿಪ್ಪಿ ಒಣಗಸ್ತಾರೇನ್ರಿ? ಮಳಿಗಾಲ ಹತ್ರ ಬಂದೈತಿ, ಕೊಳೀತದ. ಮೂರು ಸಲ ಉಪ್ಪುರಸದಾಗ ಅದ್ದಿ ಒಣಗಿಸೇವಿ. ನೀವ ಅಂದ್ರಲ್ಲ, ಮನಿಗೆ ಮಾಡ್ದಂಗ ಮಾಡ್ರಿ ಅಂತ."

ಅಂದಿದ್ದೆನೇ? ಶುಚಿಯಾಗಿರಲಿ ಎಂದು ಅಂದಿರಬಹುದು. ಗಾಡಿ ಸಿಪ್ಪೆ ಕೇಳಲು ಹೋದ ದಿನದ ಅವಳ ಅಂಗಳ, ಚಾಪೆ, ನನ್ನ ಕೈಯಲ್ಲಿದ್ದ ಶರಬತ್ತಿನ ಲೋಟ ಕಾಣುತ್ತವೆ. ಮಾತು ಕೇಳಿಸುವುದಿಲ್ಲ.

ಮಾಲೀಕರಿಗೆ ಕೊಟ್ಟ ಉತ್ತರ ಮಾತ್ರ ಅಕ್ಷರಶಃ ನೆನಪಿದೆ: "ಉಪ್ಪು ಬ್ಯಾಡಂತ ನಾ ಹೇಳಿದ್ದೆ ರೀ. ಅವರಿಗೆ ತಿಳೀಲಿಲ್ಲ."

"ಹಂಗಾರ ಅವರ ಸಂಗ ಬ್ಯಾಡ. ಸಿಪ್ಪಿ ಬದ್ಲಿ ಮುಂಡಗೋಡದ ಗೋವಿನಜೋಳದ ದಂಟು ತರಸೂಣು."

ಹತ್ತು ದಿನದ ಮೇಲೆ ಅಕ್ಕ ಬಸ್ಸಿನಲ್ಲಿ ಬಂದಳು, ಚೀಲ ಹೊತ್ತುಕೊಂಡು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ, ಉಪ್ಪಿಲ್ಲದ ಸಿಪ್ಪೆ.

"ಕೊಳತದ್ದು ಆರಿಸಿ ತಗದೇವ್ರಿ. ತಿಂದು ನೋಡ್ರಿ, ಬರೇ ಹುಳಿ."

"ಮಾಲಕರು ಒಪ್ಪವಲ್ರು ಅಕ್ಕಾ."

"ನೀವೊಂದು ಮಾತು ಹೇಳ್ರಿ. ನಿಮ್ಮ ಮಾತು ನಂಬ್ತಾರವರು."

ಪರೀಕ್ಷೆ ಮಾಡಿ ತಿಳಿಸುತ್ತೇನೆಂದು ಚೀಲವನ್ನು ಒಳಗಿಡಿಸಿದೆ. ಅವಳು ಕೈಮುಗಿದು ಬಸ್ಸಿಗೆ ಓಡಿದಳು. ಉಪ್ಪು ಬೇಡವೆಂದು ನಾನು ಹೇಳಿರಲಿಲ್ಲವೇನೋ ಎಂಬುದನ್ನು ಮಾಲೀಕರಿಗೆ ಇಂದಿಗೂ ಹೇಳಿಲ್ಲ.