ಬಾಟಲಿಯೊಳಗಿನ ಜೀವಕ್ಕೆ ಹಚ್ಚಿದ ವಿಭೂತಿ

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅಕ್ಕೋರು ಹತ್ತೊಂಬತ್ತು ವರ್ಷ ಬದುಕಿಸಿದರೆಂದು ಎಲ್ಲರೂ ನಂಬಿರುವ ಜೀವವನ್ನು ಏಳನೆಯ ವರ್ಷಕ್ಕೇ ಕೊಂದವನು ನಾನು. ಕೊಂದು, ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿ, ಸುಮ್ಮನಿದ್ದೆ.

ಜೀವವೆಂದರೆ ಕಡಲೆಕಾಳಿನ ಗಾತ್ರದ ಗಂಟು. ಮೆಣಸಿನ ಎಲೆಯ ಚೂರನ್ನು ಬಾಟಲಿಯಲ್ಲಿಟ್ಟು, ಸಕ್ಕರೆ-ಲವಣ ಉಣಿಸಿ, ಬೇರೂ ಎಲೆಯೂ ಇಲ್ಲದ ಬರೀ ಜೀವಕೋಶಗಳನ್ನು ಬೆಳೆಸಿದ್ದರು. ನಮ್ಮ ಸೀಮೆಯಲ್ಲಿ ಆಗ ಇಂಥ ಕೆಲಸ ಹಿಡಿದವರು ಅವರೊಬ್ಬರೇ. ನಾನು ಅವರ ಪ್ರಯೋಗಶಾಲೆಯ ಜವಾನ — ಬಾಟಲಿ ಕುದಿಸುವುದು, ತಿಂಗಳಿಗೊಮ್ಮೆ ಗಂಟಿನ ಚೂರನ್ನು ಹೊಸ ಬಾಟಲಿಗೆ ದಾಟಿಸುವುದು ನನ್ನ ಪಾಲಿನ ಕೆಲಸ. ಹೊರಗಿನ ಗಾಳಿ ಸೋಕಬಾರದು ಎಂಬುದು ಮೊದಲ ಪಾಠ.

ಏಳನೆಯ ವರ್ಷದ ಖಂಡೇನವಮಿಗೆ, ಆಯುಧಪೂಜೆಯ ದಿನ, ಅಕ್ಕೋರು ಊರಲ್ಲಿರಲಿಲ್ಲ. ತಕ್ಕಡಿಗೆ, ಸೂಕ್ಷ್ಮದರ್ಶಕಕ್ಕೆ ವಿಭೂತಿ ಹಚ್ಚಿ, ಆ ಗಂಟಿನ ಚೂರುಗಳಿದ್ದ ಆರು ಬಾಟಲಿಗಳ ಮುಂದೆ ನಿಂತೆ. ಬಾಟಲಿ ಅದರ ಅಂಗಿ; ಜೀವವಿದ್ದದ್ದಕ್ಕೆ ಅಂಗಿಯ ಮೇಲೆ ವಿಭೂತಿ ಹಚ್ಚುತ್ತಾರೆಯೇ? ಅದೂ ಅಲ್ಲದೆ ವಿಭೂತಿ ಬೆಂಕಿಯಲ್ಲಿ ಸುಟ್ಟು ಶುದ್ಧವಾದದ್ದು — ಹೀಗೆ ವಿಜ್ಞಾನವನ್ನೂ ವಿಚಾರಿಸಿಯೇ ಹತ್ತಿಯ ಬಿರಡೆ ತೆಗೆದು ಗಂಟಿಗೇ ಹಚ್ಚಿದೆ. ಆರೂ ಬಾಟಲಿಯಲ್ಲಿ. ಭಕ್ತಿಯಲ್ಲಿ ಪಕ್ಷಪಾತ ನನ್ನದಲ್ಲ.

ನಾಲ್ಕನೆಯ ದಿನ ಆರರಲ್ಲೂ ಬೂಷ್ಟು.

ಮನೆಯ ಹೆಪ್ಪು ಕೆಟ್ಟರೆ ನೆರೆಮನೆಯಿಂದ ತರುತ್ತೇವೆ, ಮೊಸರು ಮೊಸರೇ — ಎಂದುಕೊಂಡು ವಿದ್ಯಾರ್ಥಿಗಳು ಆಗಷ್ಟೇ ಬೆಳೆಸಿದ್ದ ಅದೇ ಮೆಣಸಿನ ಇನ್ನೊಂದು ಗಂಟಿನ ಚೂರುಗಳನ್ನು ತಂದಿಟ್ಟೆ. ಆದರೆ ಹೆಪ್ಪು ತಂದವರು ಯಾರ ಮನೆಯದೆಂದು ಹೇಳುತ್ತಾರೆ. ನಾನು...

ಈಗ ನಿವೃತ್ತರಾದ ಅಕ್ಕೋರು ಕುಂದಗೋಳದಲ್ಲಿ ತಮ್ಮ ಕೆಲಸದ ಪುಸ್ತಕ ಬರೆದು ಮುಗಿಸಿದ್ದಾರೆ. ಅಚ್ಚಿಗೆ ಹೋಗುವುದೊಂದೇ ಬಾಕಿ ಎಂದು ತಿಳಿದು, ಹೋದ ಸೋಮವಾರ ಗುಡಗೇರಿಯಲ್ಲಿ ರೈಲು ಹತ್ತಿದೆ. ಹೋಗಿ ಹೇಳಿಬಿಟ್ಟೆ.

ಅವರು ಕನ್ನಡಕ ತೆಗೆದಿಟ್ಟರು.

"ಆರಕ್ಕೂ ಹಚ್ಚಿದ್ಯಾ, ಶಿವಪ್ಪಾ?"

"ಹೌದ್ರಿ ಅಕ್ಕೋರ."

"ಹಂಗಾರ ಮುಂದ ಹನ್ನೆರಡು ವರ್ಷ ದಿನಾ ಮುಂಜಾನಿ ನಾ ಮಾತಾಡಿಸಿದ್ದು ಯಾರನ್ನ?"

"ಅದರ ತಂಗೀನ್ರಿ."

ನಗು ಬಂತು ಅವರಿಗೆ, ಅರ್ಧಕ್ಕೇ ನಿಂತಿತು. ಪುಸ್ತಕದ ಕೈಬರಹದ ಹಾಳೆ ತಿರುವಿದರು. ಕೊನೆಗೆ ಒಂದು ಪುಟ ನನ್ನ ಕಡೆಗೆ ಸರಿಸಿ ಪೆನ್ನು ಕೊಟ್ಟರು.

"ಕೊಂದಾಂವ ನೀ. ನೀನ ತಿದ್ದು."

'ಹತ್ತೊಂಬತ್ತು' ಎಂಬುದರ ಮೇಲೆ ಗೀಟು ಎಳೆದು 'ಏಳು' ಎಂದು ಬರೆದೆ. ಅವರ ಹನ್ನೆರಡು ವರ್ಷ ಒಂದು ಗೀಟಿನಲ್ಲಿ ಹೋಯಿತು — ಚಹಾ ಮಾತ್ರ ಕುಡಿಸದೆ ಕಳಿಸಲಿಲ್ಲ.

ಗುಡಗೇರಿಯಲ್ಲಿ ಇಳಿದು ಮನೆಗೆ ನಡೆಯುವಾಗ ಮೈ ಅಗದಿ ಹಗುರ. ಇಷ್ಟು ವರ್ಷದ ಭಾರವನ್ನು ಎಲ್ಲಿ ಇಳಿಸಿ ಬಂದೆ ಎಂಬುದೂ ಗೊತ್ತು — ಅವರ ಮೇಜಿನ ಮೇಲೆ.