ಗಿರಿಜೆಯ ಮನೆಗೆ ನಾನು ಹೋದ ಸಂಜೆ

ಗಿರಿಜಾ, ಯಾರಿಗೂ ಹೇಳಬೇಡಿ ಎಂದು ನೀನು ಕೈಹಿಡಿದು ಬೇಡಿಕೊಂಡ ಮಾತನ್ನು ನಾನು ನಿನ್ನ ಅಪ್ಪನಿಗೇ ಹೇಳಿದೆ. ಆಮೇಲೆ ನಡೆದದ್ದನ್ನು ನಿಂತು ನೋಡಿದೆ. ಮತ್ತೆ — ಇದು ನಿನಗೆ ಗೊತ್ತಿಲ್ಲದ ಭಾಗ — ಆ ತಪ್ಪನ್ನು ಯಾವಳೋ ಒಬ್ಬಳ ತಲೆಗೆ ಕಟ್ಟಿ ಇಷ್ಟು ವರ್ಷ ಮರ್ಯಾದೆಯಿಂದ ಬದುಕಿದೆ.

ಎಂಬತ್ತರ ದಶಕದ ಆರಂಭ. ನಾನು ಮನಶ್ಶಾಸ್ತ್ರದ ಎಂ.ಎ. ಓದುತ್ತಿದ್ದೆ. ಆಪ್ತಸಲಹೆಯ ತರಬೇತಿಗೆಂದು ನಮ್ಮನ್ನು ಒಂದೊಂದು ಶಾಲೆಗೆ ಕಳಿಸುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಪೀಣ್ಯದ ಕಾರ್ಖಾನೆಗಳ ಹಿಂದಿನ ಹೈಸ್ಕೂಲು. ವಿಜ್ಞಾನದ ಕೋಣೆಯ ಮೂಲೆಯಲ್ಲಿ ನನಗೆ ಜಾಗ ಕೊಟ್ಟಿದ್ದರು. ಒಂಬತ್ತನೇ ತರಗತಿಯ ನೀನು ವಾರಗಟ್ಟಲೆ ಅಲ್ಲಿಗೆ ಬಂದು ಸುಮ್ಮನೆ ಕೂತೆದ್ದು ಹೋದೆ. ಒಂದು ದಿನ ಮಾತಿಲ್ಲದೆ ಅಂಗಿಯ ತೋಳು ಮೇಲೆತ್ತಿದೆ. ಭುಜದವರೆಗೆ ಬಾಸುಂಡೆ.

"ಅಪ್ಪ ಮಿಷನ್ ಬೆಲ್ಟಲ್ಲಿ ಒಡೀತಾನೆ ಅಕ್ಕಾ. ಅಮ್ಮಂಗೂ. ಯಾರ್ಗೂ ಏಳ್ಬೇಡಿ. ಗೊತ್ತಾದ್ರೆ ಸಾಯಿಸ್ಬುಡ್ತಾನೆ."

"ಹೇಳಲ್ಲ" ಎಂದೆ.

ಇಂಥದ್ದು ಕಿವಿಗೆ ಬಿದ್ದರೆ ಒಬ್ಬರೇ ಏನೂ ಮಾಡಬೇಡಿ, ಮೊದಲು ನನ್ನ ಹತ್ತಿರ ಬನ್ನಿ ಎಂದು ನಮ್ಮ ಮಾರ್ಗದರ್ಶಕರು ಸ್ಪಷ್ಟವಾಗಿ ಹೇಳಿಕೊಟ್ಟಿದ್ದರು. ನಾನು ಹೋಗಲಿಲ್ಲ. ಹೋಗಿದ್ದರೆ ಮುಂದಿನದನ್ನು ಅವರು ನೋಡಿಕೊಳ್ಳುತ್ತಿದ್ದರು, ಹೆಸರು ಅವರದಾಗುತ್ತಿತ್ತು. ಒಂದು ಸಂಸಾರವನ್ನು ನಾನೇ ಸರಿಮಾಡಿದೆ ಎಂದು ತರಗತಿಯಲ್ಲಿ ಎದ್ದುನಿಂತು ಹೇಳುವ ಆಸೆ ನನಗೆ.

ಶನಿವಾರ ಸಂಜೆ ನಿಮ್ಮ ಶೀಟಿನ ಮನೆಗೆ ಬಂದೆ. ನಿನ್ನ ಅಪ್ಪ ಲೇತ್ ಕೆಲಸ ಮುಗಿಸಿ ಬಂದು ಕೈಯ ಎಣ್ಣೆ ತೊಳೆಯುತ್ತಿದ್ದ. "ಬನ್ನಿ ಮೇಡಂ" ಎಂದು ಚಾಪೆ ಹಾಸಿದ. ಅಮ್ಮ ಕಾಫಿಗಿಟ್ಟರು. ನಾನು ಪಾಠದಲ್ಲಿ ಕಲಿತ ಮೆದುದನಿಯಲ್ಲಿ ಶುರುಮಾಡಿದೆ: "ಗಿರಿಜಾ ನನ್ನ ಹತ್ರ ಎಲ್ಲಾ ಹೇಳಿದಾಳೆ. ನೀವು ಹೀಗೆ ಹೊಡೆಯೋದು..."

ಒಳಬಾಗಿಲಲ್ಲಿ ನಿಂತಿದ್ದ ನೀನು ನನ್ನನ್ನು ನೋಡಿದೆ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದು — ಬೇಡ, ಅದಕ್ಕೆ ನಾನು ಹೆಸರು ಕೊಡಬಾರದು.

"ಮನೆ ಮಾತ್ನ ಬೀದಿಗ್ ತಂದ್ಯೇನೇ?" ಅಂದ, ಮೆತ್ತಗೆ. ಮರುಗಳಿಗೆ ನಿನ್ನ ಜಡೆ ಅವನ ಮುಷ್ಟಿಯಲ್ಲಿತ್ತು. ತಲೆಯನ್ನು ಬಾಗಿಲ ಚೌಕಟ್ಟಿಗೆ ಚಚ್ಚಿದ. ಮತ್ತೆ ಚಚ್ಚಿದ. ಅಡ್ಡ ಬಂದ ಅಮ್ಮನ ಎದೆಯ ಮೇಲೆ ಕುದಿಯುವ ಕಾಫಿ ಬಿತ್ತು — ಬಿತ್ತು ಅನ್ನಬಾರದು, ಅವನು ಪಾತ್ರೆ ಎತ್ತಿ ಎರಚಿದ. ಆಮೇಲೆ ಗೋಡೆಯ ಮೊಳೆಯಿಂದ ಬೆಲ್ಟು ಇಳಿಯಿತು. ನೆಲದ ಮೇಲೆ ಮುದುಡಿದ್ದ ನಿನ್ನ ಬೆನ್ನು, ಕೈ, ಮುಖ — ಎಲ್ಲಿ ಸಿಕ್ಕರೆ ಅಲ್ಲಿ. ಕಿವಿಯಿಂದ ರಕ್ತ ಕತ್ತಿಗಿಳಿಯುತ್ತಿತ್ತು. ನೀನು ಕೂಗಿದ್ದು "ಅಕ್ಕಾ" ಎಂದು. ನನ್ನ ಕಾಲು ಕದಲಲಿಲ್ಲ. ಕದಲಿದಾಗ ಹಿಂದಕ್ಕೆ ಕದಲಿತು. ಪಕ್ಕದ ಮನೆಯ ಹೆಂಗಸು ನನ್ನನ್ನು ತಳ್ಳಿ ಒಳಗೆ ನುಗ್ಗುತ್ತಾ, "ಬೆಂಕಿ ಅಚ್ಚೋದ್ ಅಚ್ಬುಟ್ಟು ನಿಂತವಳೆ! ಓಗಮ್ಮಾ ಅತ್ಲಾಗೆ!" ಎಂದಳು. ಬಸ್‌ಸ್ಟಾಪಿನವರೆಗೂ ಓಡಿದೆ. ಪೊಲೀಸರಿಗೆ ಹೇಳಲಿಲ್ಲ. ಹೆಡ್‌ಮಾಸ್ಟರಿಗೂ ಹೇಳಲಿಲ್ಲ.

ಸೋಮವಾರ ನೀನು ಬರಲಿಲ್ಲ. ನಿನ್ನ ಗೆಳತಿ ಹೇಳಿದಳು: "ಅವ್ಳಿಗೆ ಒಂದ್ ಕಿವಿ ಕೇಳಲ್ವಂತೆ ಅಕ್ಕಾ. ಅಜ್ಜಿ ಊರಿಗೆ ಕಳಿಸ್ಬಿಟ್ರು." ಮಾರ್ಗದರ್ಶಕರು ವಿಚಾರಿಸಿದಾಗ, "ಶಾಲೆ ಬಿಟ್ಟು ಊರಿಗೆ ಹೋದಳಂತೆ ಸಾರ್" ಎಂದೆ. ಅಷ್ಟೇ. ಪಾಸಾದೆ.

ಮುಂದೆ ಆಪ್ತಸಲಹೆ ಕಲಿಯಲು ಬರುವವರಿಗೆ ನಾನೇ ಪಾಠ ಹೇಳುವವಳಾದೆ. ಪ್ರತಿ ಹೊಸ ತಂಡಕ್ಕೂ ನಿನ್ನ ಕಥೆ ಹೇಳುತ್ತಿದ್ದೆ — ನಮ್ಮ ಜೊತೆ ಒಬ್ಬಳು ಓದುತ್ತಿದ್ದಳು, ಒಂದು ಹುಡುಗಿ ನಂಬಿ ಹೇಳಿದ್ದನ್ನು ಹೊರಗೆ ಹಾಕಿದಳು... ಅವರು ಆ ಒಬ್ಬಳನ್ನು ಬೈಯುತ್ತಿದ್ದರು. ನಾನೂ ಜೊತೆಗೆ ತಲೆಯಾಡಿಸುತ್ತಿದ್ದೆ.

ನಿವೃತ್ತಿಗೆ ಮುಂಚಿನ ಕೊನೆಯ ತರಗತಿಯಲ್ಲಿ ಮಾತ್ರ, "ಅವಳು ನಾನೇ" ಎಂದೆ. ಒಬ್ಬ ವಿದ್ಯಾರ್ಥಿನಿ ಕೇಳಿದಳು:

"ಆ ಹುಡುಗಿ ಈಗ ಎಲ್ಲಿದಾಳೆ ಮೇಡಂ?"

"ಗೊತ್ತಿಲ್ಲ."

"ಹುಡುಕಿದ್ರಾ?"

ಇಲ್ಲ ಗಿರಿಜಾ. ಒಂದು ಸಲವೂ ಹುಡುಕಲಿಲ್ಲ. ನೀನು ಸಿಗಲಾರೆ ಎಂದಲ್ಲ — ಎಲ್ಲಿ ಸಿಕ್ಕಿಬಿಡುತ್ತೀಯೋ ಎಂದು.